ಸೌನಾದಲ್ಲಿ ಬೆವರಿದ ಗಾಲಿಗಳು

ತನ್ನ ಮನೆಯ ಸೌನಾದಲ್ಲಿ ಆಗದ ಕೆಲಸ ಈ ಭೂಮಂಡಲದಲ್ಲೇ ಇಲ್ಲ ಎಂಬುದು ತೈಸ್ತೊನ ಅಚಲ ನಂಬಿಕೆ. ನೆಗಡಿಯಾದರೆ ಸೌನಾ, ಬೆನ್ನು ಹಿಡಿದುಕೊಂಡರೆ ಸೌನಾ, ಬೂಟು ಒದ್ದೆಯಾದರೆ ಸೌನಾ, ಹೆಂಡತಿಯೊಡನೆ ಜಗಳವಾದರೆ ಸಾಯಂಕಾಲವಿಡೀ ಸೌನಾ. ಇಸಾಲ್ಮಿ ಊರಿನ ಹೊರಗೆ, ಸರೋವರದ ದಂಡೆಯಲ್ಲಿ, ಕೈಯಾರೆ ಕಟ್ಟಿದ ಆ ಬೆವರುಸ್ನಾನದ ಮರದ ಕೋಣೆಯಲ್ಲಿ ಒಲೆ ಉರಿದು, ಅದರ ಮೇಲಿನ ಕಲ್ಲುಗಳು ಕಾದವೆಂದರೆ ಫಿನ್‌ಲೆಂಡಿಗೆಲ್ಲ ಅವನೇ ಚಕ್ರವರ್ತಿ. ಹೀಗಾಗಿ ಮೇ ತಿಂಗಳ ಒಂದು ಬೆಳಿಗ್ಗೆ ಅವನು, "ಅಜ್ಜಿ ಕಾರಿನ ಗಾಲಿಗೆ ನಾನೇ ಪೌಡರ್ ಕೋಟಿಂಗ್ ಮಾಡ್ತೀನಿ. ಸೌನಾದಲ್ಲಿ ಬೇಯಿಸಿದ್ರೆ ಆಯ್ತು" ಎಂದು ಘೋಷಿಸಿದಾಗ ಹೆಂಡತಿ ಸೈಮಿಗೆ ಆಶ್ಚರ್ಯವೇನೂ ಆಗಲಿಲ್ಲ. ಕುಡಿಯುತ್ತಿದ್ದ ಕಾಫಿ ಮಾತ್ರ ನೆತ್ತಿಗೇರಿತು.

ಅಜ್ಜಿ ಎಂದರೆ ಸೈಮಿಯ ತಾಯಿ ಹಿಲ್ಯಾ. ಮಕ್ಕಳು ಕರೆದದ್ದೇ ರೂಢಿಯಾಗಿ ಅಳಿಯನಿಗೂ ಆಕೆ ಅಜ್ಜಿಯೇ. ಆ ಚಳಿಗಾಲದಲ್ಲಿ ಮನೆಯ ಮಾಡಿನ ಮೇಲಿನ ಹಿಮ ಕೆಡವಲು ಹತ್ತಿದ್ದ ತೈಸ್ತೊ ಹಿಮಕ್ಕಿಂತ ಮೊದಲು ತಾನೇ ಕೆಳಗೆ ಬಂದಿದ್ದ. ಕಾಲು ಮುರಿಯಿತು. ಸೈಮಿಗೆ ಬೇಕರಿ ಕೆಲಸ, ಕತ್ತಲಿರುವಾಗಲೇ ಹೊರಡಬೇಕು. ಆಗ ಕೈಹಿಡಿದವಳು ಅಜ್ಜಿ. ತನ್ನ ಹಳೆಯ ಪುಟ್ಟ ಕಾರಿನಲ್ಲಿ, ಮಂಜುಗಟ್ಟಿದ ರಸ್ತೆಯಲ್ಲಿ, ಚಳಿಗಾಲ ಪೂರ್ತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು, ಸುತ್ತು ದಾರಿಯಲ್ಲಿ ಕರೆತಂದಳು. ಅವನು ಒಳಗೆ ಕಾಲು ಮಡಚಿ ಚಾಚಿ ನರಳುವಾಗ ಹೊರಗೆ ಕೂತು ಕಾಲುಚೀಲ ಹೆಣೆದಳು. ಮನೆಗೆ ಬಂದು ಗಂಜಿ ಕಾಸಿ ಕೊಟ್ಟಳು. ಇಷ್ಟೆಲ್ಲ ಮಾಡಿಯೂ "ಮಾಡು ಹತ್ತಬೇಡ ಅಂದಿದ್ದೆ ತಾನೆ" ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಆಡಬಹುದಿತ್ತು, ಏಕೆಂದರೆ ಅಂದಿದ್ದಳು.

ತೈಸ್ತೊನ ಎದೆಯಲ್ಲಿ ಆ ಋಣ ಕಲ್ಲಾಗಿ ಕೂತಿತ್ತು. ಅವನ ಸೀಮೆಯ ಗಂಡಸರಿಗೆ ಮಾತಿಗೇನೂ ಬರವಿಲ್ಲ. ಕೈತಪ್ಪಿದ ಮೀನಿನ ಬಗ್ಗೆ ಅರ್ಧ ದಿನ ಮಾತಾಡಿಯಾರು. ಆದರೆ "ಉಪಕಾರವಾಯಿತು" ಎಂಬ ಒಂದು ಶಬ್ದ ಅವನ ಗಂಟಲ ತನಕ ಬಂದು ಕೆಮ್ಮಾಗಿ ಹೊರಡುತ್ತಿತ್ತು. ವಸಂತ ಬಂತು, ಕಾಲು ನೆಟ್ಟಗಾಯಿತು, ಕೆಮ್ಮು ಹಾಗೇ ಉಳಿಯಿತು.

ಕೊನೆಗೆ ಒಂದು ದಿನ ಹಿಮ ಹೋದ ಮೇಲೆ ಅಜ್ಜಿಯ ಕಾರಿಗೆ ಹಾಕುವ ಬೇಸಿಗೆ ಗಾಲಿಗಳ ಮೇಲೆ ಅವನ ಕಣ್ಣು ಬಿತ್ತು. ಉಕ್ಕಿನ ಗಾಲಿಗಳು, ಹಿಮ ಕರಗಿಸಲು ಸುರಿದು ವಸಂತದ ತನಕ ರಸ್ತೆಯಲ್ಲೇ ಉಳಿಯುವ ಉಪ್ಪಿನಿಂದಾಗಿ, ತುಕ್ಕು ತಿಂದು ಕಂದುಬಣ್ಣಕ್ಕೆ ತಿರುಗಿದ್ದವು. ಬಾಯಿ ಹೇಳದ್ದನ್ನು ಗಾಲಿ ಹೇಳಲಿ! ಭಾನುವಾರ ತಾಯಂದಿರ ದಿನ. ಅಂದು ಅಜ್ಜಿ ಇಗರ್ಜಿಯಲ್ಲಿ ಮೇಳದೊಂದಿಗೆ ಹಾಡಬೇಕು. ಹೊಸ ಬಣ್ಣದ ಗಾಲಿಗಳ ಮೇಲೆ ಮೆರವಣಿಗೆಯಂತೆ ಹೋಗಿ ಇಳಿಯಲಿ ಎಂದುಕೊಂಡ.

ಜಾಣತನದಿಂದ ಆಕೆಯ ಬಾಯಿಬಿಡಿಸಿದ. "ಅಜ್ಜಿ, ನಿನಗೆ ಯಾವ ಬಣ್ಣ ಇಷ್ಟ?"

"ಯಾಕೆ, ನನ್ನ ಶವಪೆಟ್ಟಿಗೆಗಾ?"

"ಸುಮ್ನೆ ಕೇಳ್ದೆ."

"ಲಕ್ಕ ಹಣ್ಣಿನ ಬಣ್ಣ" ಎಂದಳು ಅಜ್ಜಿ. ಜೌಗು ನೆಲದಲ್ಲಿ ಬೇಸಿಗೆಗೆ ಹಣ್ಣಾಗುವ ಲಕ್ಕ, ಹಳದಿಯೂ ಅಲ್ಲ, ಕಿತ್ತಳೆಯೂ ಅಲ್ಲ. ಆ ಬಣ್ಣ ಕಂಡರೆ ಅಲ್ಲಿನವರಿಗೆ ಬಾಯಲ್ಲಿ ನೀರು.

ಬ್ರೇಕು ನೋಡುತ್ತೇನೆಂದು ಸುಳ್ಳು ಹೇಳಿ ಕಾರನ್ನು ತನ್ನ ಮನೆಗೆ ತಂದು ದಿಮ್ಮಿಗಳ ಮೇಲೆ ನಿಲ್ಲಿಸಿದ. ಗಾಲಿ ಬಿಚ್ಚಿ, ಟೈರು ಕಳಚಿಸಿ, ಊರಿನಲ್ಲಿ ಕೋಟಿಂಗ್ ಅಂಗಡಿ ಇಟ್ಟಿದ್ದ ಯಾಲ್ಮರಿಯ ಬಳಿ ಹೋದ. ಯಾಲ್ಮರಿ ತುಕ್ಕೇನೋ ತೆಗೆದುಕೊಟ್ಟ, ಆದರೆ ಭಟ್ಟಿಯ ಕಡೆ ನೋಡಿ ಆಗದೆಂದು ತಲೆಯಾಡಿಸಿದ.

"ಸರದಿ ಉದ್ದ ಇದೆ. ಯುಹಾನ್ನುಸ್ ಹಬ್ಬದ ಹೊತ್ತಿಗೆ ಕೊಡ್ತೀನಿ."

"ಅದು ಜೂನ್ ಕೊನೆಗಲ್ಲವಾ! ನಂಗೆ ಭಾನುವಾರಕ್ಕೆ ಬೇಕು. ಅಷ್ಟಕ್ಕೂ ನೀನು ಮಾಡೋದಾದ್ರೂ ಏನು? ಬಣ್ಣದ ಪುಡಿ ಊದ್ತೀಯ, ಕಾಯಿಸ್ತೀಯ."

"ವಿದ್ಯುತ್ತಿನ ಸೆಳೆತಕ್ಕೆ ಪುಡಿ ಲೋಹಕ್ಕೆ ಅಂಟಿರುತ್ತೆ, ಅಷ್ಟೇ. ಇನ್ನೂರು ಡಿಗ್ರಿ ಕಾದ್ರೆ ಮಾತ್ರ ಕರಗಿ ಪದರ ಆಗೋದು. ಅಲ್ಲೀ ತನಕ ಅದು ಬರೀ ಧೂಳು."

"ಶಾಖದ ವಿಚಾರ ನನಗೆ ಹೇಳ್ಕೊಡ್ಬೇಡ" ಎಂದ ತೈಸ್ತೊ. ಪುಡಿಯ ಡಬ್ಬಿ ಕೊಂಡು, ಊದುವ ಹಳೆಯ ಯಂತ್ರವೊಂದನ್ನು ಎರವಲು ಪಡೆದು, ಎದೆಯುಬ್ಬಿಸಿ ಮನೆಗೆ ಬಂದ.

ಮರುದಿನ ಬೆಳಿಗ್ಗೆ, ನೆತ್ತಿಗೇರಿದ ಕಾಫಿ ಇಳಿದ ಮೇಲೆ ಸೈಮಿ ವಿಚಾರಿಸಿದಳು. "ನಮ್ಮ ಸೌನಾ ನೂರು ಡಿಗ್ರಿ ದಾಟಲ್ಲ. ಇನ್ನೂರು ಎಲ್ಲಿಂದ ತರ್ತೀಯ?"

"ಇನ್ನೂರರಲ್ಲಿ ಒಂದು ತಾಸು ಅಂದ್ರೆ ನೂರರಲ್ಲಿ ಎರಡು ತಾಸು. ಶಾಲೆ ಮಕ್ಕಳ ಲೆಕ್ಕ."

"ಹಾಗಾದ್ರೆ ಕೋಳಿಮೊಟ್ಟೇನ ಅಂಗಳದಲ್ಲಿ ಒಂದು ವಾರ ಇಟ್ರೆ ಬೇಯುತ್ತಾ?"

"ನಿನಗೆ ವಿಜ್ಞಾನ ಗೊತ್ತಿಲ್ಲ."

"ನನಗೆ ಒಲೆ ಗೊತ್ತು ಮಾರಾಯ. ದಿನಾ ಬೆಳಿಗ್ಗೆ ಅದರ ಮುಂದೇ ನಿಂತಿರ್ತೀನಿ" ಎಂದು ಸೈಮಿ ಬೇಕರಿಗೆ ಹೊರಟುಹೋದಳು.

ಶನಿವಾರ ಸೌನಾದ ತೊಲೆಯಿಂದ ನಾಲ್ಕು ಗಾಲಿಗಳು ತಂತಿಯಲ್ಲಿ ನೇತಾಡಿದವು. ಪುಡಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ತೈಸ್ತೊ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ, ಬೆನ್ನಿಗೂ ಲಕ್ಕ ಬಣ್ಣ ಹತ್ತಿತು. ಕಟ್ಟಿಗೆ ಪೇರಿಸಿ ಒಲೆ ಹಚ್ಚಿದ. ಎರಡು ತಾಸಿನ ಮೇಲೆ ಬಾಗಿಲು ಸಂದಿಯಿಂದ ಇಣುಕಿದರೆ, ಆಹಾ, ಮಖಮಲ್ಲು! ಹೊಳಪಿಲ್ಲ ನಿಜ, ಆದರೆ ಆರಿದ ಮೇಲೆ ಬಂದೀತು. ಬಿಸಿಯಲ್ಲಿ ಮುಟ್ಟಬಾರದೆಂಬ ಬುದ್ಧಿ ಅವನಿಗಿತ್ತು. ಗಾಲಿಗಳನ್ನು ಹಾಗೇ ಬಿಟ್ಟು, ತಾಯಂದಿರ ದಿನಕ್ಕೆ ಎಲ್ಲರೂ ಕೊಯ್ಯುವ ಬಿಳಿಯ ವುಒಕ್ಕೊ ಹೂ ತರಲು ಕಾಡಿಗೆ ನಡೆದ.

ಶನಿವಾರದ ಸೌನಾ ಅಜ್ಜಿಯ ಹಕ್ಕು ಎಂಬುದನ್ನು ಅವನು ಮರೆತಿರಲಿಲ್ಲ. ಕಾರಿಲ್ಲದ ಅಜ್ಜಿ ಸಂಜೆ ಬಸ್ಸಿಗೆ ಬರುತ್ತಾಳೆ, ಅಷ್ಟರಲ್ಲಿ ಎಲ್ಲ ಬಚ್ಚಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದ. ಇದೂ ಶಾಲೆ ಮಕ್ಕಳ ಲೆಕ್ಕವೇ. ಅಜ್ಜಿ ಮಧ್ಯಾಹ್ನದ ಬಸ್ಸಿಗೇ ಬಂದಳು. ಚಿಮಣಿಯ ಹೊಗೆ ಕಂಡಳು. ಪಾಪ, ನನಗಾಗಿ ಬೇಗನೆ ಕಾಯಿಸಿದ್ದಾನೆ ಎಂದುಕೊಂಡಳು. ಕನ್ನಡಕ ತೆಗೆದಿಟ್ಟು, ಬಟ್ಟೆ ಬಿಚ್ಚಿಟ್ಟು, ಒಳಗೆ ಹೋದಳು.

ಹೂ ಹಿಡಿದು ಮರಳಿದ ತೈಸ್ತೊನ ಕಿವಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದ ಸುಯ್ ಎಂಬ ಸದ್ದು ಕೇಳಿಸಿತು. ಹುಟ್ಟಿದಾಗಿನಿಂದ ಅವನಿಗೆ ಪ್ರಿಯವಾದ ಸದ್ದದು. ಈಗ ಮಾತ್ರ ಅದನ್ನು ಕೇಳಿ ಸೌನಾದತ್ತ ಓಡಿದ. ಮತ್ತೊಂದು ಚೊಂಬು ನೀರು, ಮತ್ತೊಂದು ಸುಯ್, ಆಮೇಲೆ ಕೆಮ್ಮು. ಬಾಗಿಲು ತೆರೆಯಿತು.

ಟವೆಲ್ ಸುತ್ತಿಕೊಂಡು ಹೊರಬಂದ ಅಜ್ಜಿ ಅಂಗಳದ ಬೆಂಚಿನ ಮೇಲೆ ಕುಳಿತಳು. ಕೂದಲು, ಹುಬ್ಬು, ಭುಜ, ಮೊಣಕಾಲು, ಎಲ್ಲವೂ ಲಕ್ಕ ಬಣ್ಣ. ಕರಗದ ಪುಡಿ ಆವಿಗೆ ಉದುರಿ ಗಾಲಿಗಿಂತ ಸಮನಾಗಿ ಕೂತಿತ್ತು.

"ತೈಸ್ತೊ, ಒಳಗೆ ಏನೋ ನೇತಾಕಿದೀಯಲ್ಲ, ಏನದು? ಹಂದಿ ತೊಡೆ ಹೊಗೆಗೆ ಕಟ್ಟಿದೀಯ ಅಂದ್ಕೊಂಡೆ."

"ಗಾಲಿ, ಅಜ್ಜಿ."

"ಯಾರದ್ದು?"

"ನಿಂದೇ."

ಅಜ್ಜಿ ಸೌನಾದತ್ತ ತಿರುಗಿ ನೋಡಿದಳು. "ನನ್ನ ಗಾಲಿಗಳನ್ನ ಯಾಕಪ್ಪ ಬೆವರಿಸ್ತಿದೀಯ?"

ಇದೇ ಹೊತ್ತಿಗೆ ಸೈಮಿ ಕೇಕಿನ ಡಬ್ಬಿ ಹಿಡಿದು ಗೇಟು ದಾಟಿದಳು. ತಾಯಿಯನ್ನು ನೋಡಿದಳು. ಗಂಡನನ್ನು ನೋಡಿದಳು. ಡಬ್ಬಿಯನ್ನು ಹುಲ್ಲಿನ ಮೇಲಿಟ್ಟು ತಾನೂ ಅಲ್ಲೇ ಕೂತುಬಿಟ್ಟಳು. ನಕ್ಕು ನಕ್ಕು ಅವಳಿಗೆ ಏಳಲಾಗಲಿಲ್ಲ.

"ಸೈಮಿ, ಕನ್ನಡಿ ಕೊಡು" ಎಂದಳು ಅಜ್ಜಿ.

"ಬೇಡಮ್ಮ."

"ಕೊಡು ಅಂದೆ."

ಕನ್ನಡಿಯಲ್ಲಿ ಅಜ್ಜಿ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿಕೊಂಡಳು. ಸೋಪು ಮತ್ತು ಸರೋವರದ ನೀರು ಸೇರಿ ಆ ಬಣ್ಣ ಇಳಿಸುವಷ್ಟರಲ್ಲಿ ಸೈಮಿಯ ರಟ್ಟೆ ಬಿತ್ತು. ಒಳಗಿದ್ದ ಗಾಲಿಗಳು ಆವಿಗೆ ಸಿಕ್ಕಿ ಚುಕ್ಕೆ ಚುಕ್ಕೆಯಾಗಿ, ಯಾವುದೋ ಚರ್ಮರೋಗ ಹತ್ತಿದವರ ಹಾಗೆ ತೂಗಾಡುತ್ತಿದ್ದವು. ಹಿಮದಲ್ಲಿ ಜಾರದಂತೆ ಮೊಳೆ ಹೊಡೆದ ಚಳಿಗಾಲದ ಟೈರು ಹಾಕಿ ಓಡಿಸಲು ಕಾನೂನು ಕೊಟ್ಟ ಗಡುವು ಎಂದೋ ಮುಗಿದಿತ್ತು. ಅಂದರೆ ಅಜ್ಜಿಗೆ ಕಾರಿಲ್ಲ, ತಾಯಂದಿರ ದಿನದ ಉಡುಗೊರೆಯಿಲ್ಲ, ಶನಿವಾರದ ಸೌನಾವೂ ಹಾಳು. ಋಣ ತೀರಿಸಲು ಹೋದವನು ಅದನ್ನು ದುಪ್ಪಟ್ಟು ಮಾಡಿಕೊಂಡು ಕೂತಿದ್ದ.

ತೊಳೆದು ಒರೆಸಿಕೊಂಡ ಅಜ್ಜಿ ಅವನನ್ನು ಎದುರಿಗೆ ಕೂರಿಸಿಕೊಂಡಳು. "ಈಗ ಹೇಳು. ಯಾಕೆ ಮಾಡ್ದೆ ಇದನ್ನ?"

"ಗಾಲಿಗೆ ತುಕ್ಕು ಹಿಡಿದಿತ್ತು."

"ಅದು ಹಿಡಿದು ಬಹಳ ವರ್ಷ ಆಯ್ತು."

"ರಸ್ತೆ ಉಪ್ಪು, ಈ ಸಲ ಪುರಸಭೆಯವರು..."

"ತೈಸ್ತೊ."

ಅವನು ಕೆಮ್ಮಿದ. ಮತ್ತೆ ಕೆಮ್ಮಿದ. ಕೈಯಲ್ಲಿದ್ದ ವುಒಕ್ಕೊ ಹೂಗಳು ಬಾಡಿ ಜೋತುಬಿದ್ದಿದ್ದವು. ಅವುಗಳನ್ನೇ ನೋಡುತ್ತ ಒಂದೇ ಉಸಿರಿಗೆ ಹೇಳಿಬಿಟ್ಟ. "ನಿನ್ನಿಂದ ಉಪಕಾರ ಆಯ್ತು ಅಜ್ಜಿ. ನೀನಿಲ್ದೇ ಇದ್ದಿದ್ರೆ ನಾನು ಹಾಸಿಗೇಲೇ ಕೊಳೀತಿದ್ದೆ. ಅದನ್ನ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಗಾಲಿ."

ಅಜ್ಜಿ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಸೋಪು" ಎಂದಳು. ಸೋಪಲ್ಲ ಎಂದು ಮೂವರಿಗೂ ಗೊತ್ತಿತ್ತು. ತೈಸ್ತೊಗೆ ಅಂಥ ಹಗುರ ಆ ಚಳಿಗಾಲದಿಂದೀಚೆ ಆಗಿರಲಿಲ್ಲ. ಇಷ್ಟು ಸಣ್ಣ ಮಾತಿಗೆ ತಾನು ಒಂದು ಕಾರನ್ನೇ ಬಿಚ್ಚಿ ಹಾಕಿದೆನಲ್ಲ ಎಂದು ನಾಚಿಕೆಯೂ ಆಯಿತು.

ಗಾಲಿಗಳು ಯಾಲ್ಮರಿಯ ಅಂಗಡಿಗೇ ಹೋದವು. "ಸೌನಾದಲ್ಲಾ?" ಎಂದು ಕೇಳಿದ ಅವನು, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ನಕ್ಕು ಬಂದ. ಸರದಿಯನ್ನಂತೂ ಮುರಿಯಲಿಲ್ಲ.

ಮರುದಿನ ಅಜ್ಜಿಯನ್ನು ಇಗರ್ಜಿಗೆ ತನ್ನ ಕಾರಿನಲ್ಲಿ ಕರೆದೊಯ್ದವನು ತೈಸ್ತೊ. ಮಂಗಳವಾರ ಹಾಡಿನ ತಾಲೀಮಿಗೂ ಅವನೇ. ಗುರುವಾರ ಈಜುಕೊಳ, ಶುಕ್ರವಾರ ಸಂಜೆ ಮುದುಕ ಮುದುಕಿಯರ ನೃತ್ಯ. ಅಜ್ಜಿ ಕುಣಿಯುವಾಗ ಅವನು ಹೊರಗೆ ಬೆಂಚಿನ ಮೇಲೆ ಕೂತು ಕಾದ. ಹೆಣೆಯಲು ಬರುತ್ತಿರಲಿಲ್ಲ, ಅಷ್ಟೇ ಕೊರತೆ. ದಾರಿಯುದ್ದಕ್ಕೂ ಅಜ್ಜಿ ತನ್ನ ಬಾಲ್ಯ, ತನ್ನ ಗಂಡ, ಸೈಮಿ ಚಿಕ್ಕಂದಿನಲ್ಲಿ ಕದ್ದು ತಿಂದ ಸಕ್ಕರೆ, ಎಲ್ಲ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ, ಮಾತು ಮುಗಿಯದಿರಲೆಂದು ಬೇಕಂತಲೇ ಅವನು ತಿರುವು ತಪ್ಪಿಸುತ್ತಿದ್ದ. ಚಳಿಗಾಲದಲ್ಲಿ ಆಕೆಯೂ ಯಾಕೆ ಸುತ್ತು ದಾರಿ ಹಿಡಿಯುತ್ತಿದ್ದಳೆಂಬುದು ಆಗ ಅವನಿಗೆ ಅರ್ಥವಾಯಿತು.

ಯುಹಾನ್ನುಸ್ ಹಬ್ಬದ ಹಿಂದಿನ ದಿನ ಗಾಲಿಗಳು ಬಂದವು. ಮಾಗಿದ ಲಕ್ಕ ಹಣ್ಣಿನದೇ ಬಣ್ಣ, ಮುಖ ಕಾಣುವಷ್ಟು ಹೊಳಪು. ತೈಸ್ತೊ ಅವುಗಳನ್ನು ಕಾರಿಗೆ ಜೋಡಿಸಿ, ಒರೆಸಿ, ಬಾಗಿ ಕೀಲಿಕೈ ಒಪ್ಪಿಸಿದ. ಅಜ್ಜಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಗ್ಗಿ ಒಂದೊಂದೇ ಗಾಲಿಯನ್ನು ಸವರಿದಳು. "ಬಲು ಚೆಂದ ಆಗಿದೆ ಕಣಪ್ಪ. ಉಪಕಾರ ಆಯ್ತು" ಎಂದಳು, ಒಮ್ಮೆಯೂ ಕೆಮ್ಮದೆ.

ಆಮೇಲೆ ಕೀಲಿಕೈಯನ್ನು ಚೀಲಕ್ಕೆ ಹಾಕಿಕೊಂಡು, ನೇರ ನಡೆದು ಹೋಗಿ ತೈಸ್ತೊನ ಕಾರಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತಳು.

"ಅಜ್ಜಿ, ನಿನ್ನ ಕಾರು ಅಲ್ಲಿದೆ" ಎಂದ ತೈಸ್ತೊ.

"ನೋಡ್ದೆನಲ್ಲ. ಇಷ್ಟು ಚೆಂದದ ಗಾಲೀನ ಧೂಳಿನ ರಸ್ತೇಲಿ ಓಡಿಸೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ? ಬಾ, ಬೇಗ ಹತ್ತು. ಹಾಡಿಗೆ ಹೊತ್ತಾಯ್ತು."