ಪಟಾಕಿಗೊಂದು ಸೀಟು

ಒಂದೇ ವಾರದಲ್ಲಿ ಸೀಟು ಕೊಡಿಸದಿದ್ದರೆ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ ಎಂದು ನಾನು ಘೋಷಿಸಿದಾಗ ಅಕ್ಕ ಸಿಂಕಿನ ಮುಂದೆ ನಿಂತು ಹಾಲಿನ ಬಾಟಲಿ ತೊಳೆಯುತ್ತಿದ್ದಳು, ಭಾವ ನೆಲದ ಮೇಲೆ ಕೂತು ಗುಂಡನ ಚಡ್ಡಿ ಬದಲಿಸುತ್ತಿದ್ದರು. ಇಬ್ಬರೂ ತಿರುಗಿ ನೋಡಲಿಲ್ಲ. ಮಹಾನ್ ಪ್ರತಿಜ್ಞೆಗಳೆಲ್ಲ ಹೀಗೆ ಯಾರೂ ಕೇಳಿಸಿಕೊಳ್ಳದಿದ್ದಾಗಲೇ ಹುಟ್ಟುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಯಾವ ಹೆಸರು ಇಟ್ಕೋತೀಯ?" ಭಾವ ಗುಂಡನ ಕಾಲು ಹಿಡಿದುಕೊಂಡೇ ಕೇಳಿದರು. "ಮೊದಲೇ ಹೇಳಿಬಿಡು. ನಮಗೂ ಅಭ್ಯಾಸ ಆಗ್ಬೇಕಲ್ಲ."

ಸೀಟು ಬೇಕಾಗಿದ್ದು ಅಕ್ಕನ ಮಗಳು ಪಟಾಕಿಗೆ. ಮೂರೂವರೆ ವರ್ಷ. ಹೆಸರೇ ಹೇಳುವಂತೆ ಎಲ್ಲಿಟ್ಟರೂ ಅಪಾಯ. ಅವಳ ತಮ್ಮ ಗುಂಡ ಇನ್ನೂ ಅಂಬೆಗಾಲಿಡುವವನು. ಇವರಿಬ್ಬರನ್ನೂ ಕಟ್ಟಿಕೊಂಡು ನಾವು ಈ ದೇಶಕ್ಕೆ ಬಂದದ್ದು ಅಕ್ಕನ ನರ್ಸ್ ಕೆಲಸದ ಬೆನ್ನು ಹತ್ತಿ. ಭಾವ ನಸುಕಿನಲ್ಲೇ ಎದ್ದು ಅಂಗಡಿಗಳಿಗೆ ಬ್ರೆಡ್ ಹಾಕುವ ವ್ಯಾನ್ ಓಡಿಸುತ್ತಾರೆ. ನಾನು ಕೋರ್ಸ್ ಮಾಡುತ್ತೇನೆಂದು ಬಾಲದಂತೆ ಬಂದವಳು. ಸ್ಪಷ್ಟವಾಗಿ ಹೇಳುವುದಾದರೆ, ನಾವೆಲ್ಲ ಅಕ್ಕನ ವೀಸಾಗೆ ಜೋತುಬಿದ್ದವರು. ಅವಳದು ಇನ್ನೂ ಪ್ರೊಬೇಷನ್ನು. ಮಗು ನೋಡಿಕೊಳ್ಳುವವರಿಲ್ಲ ಎಂದು ನಾಲ್ಕು ಡ್ಯೂಟಿ ತಪ್ಪಿಸಿದರೆ ಕೆಲಸ ಹೋಯಿತು. ಕೆಲಸ ಹೋದರೆ ವೀಸಾ ಹೋಯಿತು, ಸೂಟ್‌ಕೇಸು ಇಳಿಸಿ ಎಲ್ಲರೂ ಹೊರಡಬೇಕಾದ್ದೇ.

ಇಷ್ಟು ದಿನ ಮಕ್ಕಳ ಕಾವಲು ನನ್ನದಿತ್ತು. ಮುಂದಿನ ತಿಂಗಳಿಂದ ನನಗೆ ಕ್ಲಾಸು. ಗುಂಡನನ್ನು ಕೆಳಗಿನ ಮನೆಯ ಆಂಟಿ ನೋಡಿಕೊಳ್ಳಲು ಒಪ್ಪಿದ್ದರು. ಪಟಾಕಿಯನ್ನೂ ಒಂದು ಬೆಳಗ್ಗೆ ಇಟ್ಟುಕೊಂಡು ನೋಡಿದರು. ಸ್ವಲ್ಪ ಹೊತ್ತಿಗೇ ಮೇಲೆ ಬಂದು, ಚಿಕ್ಕವನು ಎಷ್ಟು ದಿನ ಇದ್ದರೂ ಇರಲಿ, ದೊಡ್ಡವಳು ಮಾತ್ರ ಬೇಡ ಎಂದರು. ಕೈ ಮುಗಿಯುವುದೊಂದು ಬಾಕಿ.

ಸರಿ, ಶಾಲೆ ಹುಡುಕೋಣ, ಅದೇನು ಮಹಾ ಎಂದು ಹೊರಟೆ. ನಮ್ಮೂರಿನ ಲೆಕ್ಕ ನನ್ನ ತಲೆಯಲ್ಲಿತ್ತು. ಅಲ್ಲಿ ನಮ್ಮ ಬೀದಿಯೊಂದರಲ್ಲೇ ದಿನಸಿ ಅಂಗಡಿಗಿಂತ ಹೆಚ್ಚು ಶಿಶುವಿಹಾರಗಳಿದ್ದವು. ಗೋಡೆಗೆ ಒಂದು ಬಾತುಕೋಳಿ ಬರೆದು, ಒಳಗೊಂದು ಪ್ಲಾಸ್ಟಿಕ್ ಜಾರುಬಂಡೆ ಇಟ್ಟರೆ ಶಾಲೆ ತಯಾರು. ಮಗುವನ್ನು ಎತ್ತಿಕೊಂಡು ಆ ಕಡೆ ಸುಮ್ಮನೆ ನಡೆದರೂ ಸಾಕು, ಮೇಡಂ ಗೇಟಿಗೆ ಬಂದು ಬಲೂನು ಕೊಟ್ಟು ಒಳಗೆ ಕರೆಯುತ್ತಿದ್ದರು. ಪಟಾಕಿಯನ್ನು ಸೇರಿಸುವಾಗ ಭಾವ ಫೀಸು ಜಾಸ್ತಿಯಾಯಿತೆಂದು ಚೌಕಾಶಿ ಮಾಡಿ, ಬ್ಯಾಗು ಬೂಟು ಪುಕ್ಕಟೆ ಹೊಡೆದುಕೊಂಡು ಬಂದು, ಮೂರು ದಿನ ಮೀಸೆ ತಿರುವಿದ್ದರು. ಅಷ್ಟಾದರೂ ಲೂಟಿ ಹೊಡೀತಾರೆ ಎಂದು ಬೈದುಕೊಂಡಿದ್ದೆವು. ಯಾವ ಬಾಯಲ್ಲಿ ಬೈದೆವೋ!

ಇಲ್ಲಿ ಮೊದಲು ಹೋದದ್ದು ಮುಖ್ಯ ರಸ್ತೆಯ ಖಾಸಗಿ ಶಾಲೆಗೆ. ಗಾಜಿನ ಬಾಗಿಲು, ಲಾವಂಚದಂಥ ಪರಿಮಳ, ಕೌಂಟರಿನ ಹಿಂದೆ ಹಲ್ಲಿನ ಜಾಹೀರಾತಿನಂಥ ನಗು. ಆ ನಗು ಫೀಸು ಹೇಳಿತು. ನಾನು ವರ್ಷಕ್ಕಾ ಎಂದು ಕೇಳಿದೆ. ತಿಂಗಳಿಗೆ ಎಂದಿತು. ಕಿವಿ ಕೈಕೊಟ್ಟಿರಬೇಕೆಂದು ಮತ್ತೆ ಕೇಳಿದೆ. ಮತ್ತೂ ತಿಂಗಳಿಗೇ. ಊಟಕ್ಕೆ ಬೇರೆ, ಮಧ್ಯಾಹ್ನ ಮಲಗುವ ಚಾಪೆಗೆ ಬೇರೆ. ಅಂದರೆ ಭಾವ ತಿಂಗಳಿಡೀ ಓಡಿಸಿದ ವ್ಯಾನು, ಹೊತ್ತ ಬ್ರೆಡ್ಡು, ಪೂರ್ತಿ ಇವರ ಹೊಟ್ಟೆಗೆ. ಚಾಪೆಗಾಗಿ ನಾವು ಸಾಲ ಮಾಡಬೇಕು. ಎರಡನೇ ಮಗುವನ್ನೂ ಸೇರಿಸಿದರೆ ರಿಯಾಯಿತಿ ಇದೆಯಂತೆ. ಆ ರಿಯಾಯಿತಿಯಲ್ಲಿ ಬಹುಶಃ ನನ್ನ ಒಂದು ಕಿಡ್ನಿ ಉಳಿಯುತ್ತಿತ್ತು.

ಸಿಟ್ಟು ನೆತ್ತಿಗೇರಿತು. ಮೂರೂವರೆ ವರ್ಷದ ಕೂಸು ಅಲ್ಲಿ ಏನು, ಡಾಕ್ಟರಿಕೆ ಓದುತ್ತದೆಯೇ? ಮಣ್ಣಲ್ಲಿ ಆಡಿ, ಮೂಗು ಸುರಿಸಿಕೊಂಡು ಮನೆಗೆ ಬರುತ್ತದೆ. ಅದನ್ನು ನಮ್ಮ ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದಳಲ್ಲ!

ಉಳಿದದ್ದು ನಮ್ಮ ಕಟ್ಟಡದ ಹಿಂದಿನ ನಗರಸಭೆಯ ಶಿಶುವಿಹಾರ. ಅಲ್ಲಿ ಮನೆಯ ಆದಾಯ ನೋಡಿ ಫೀಸು. ನಮ್ಮ ಕೈಗೆಟುಕುತ್ತಿತ್ತು. ಆದರೆ ಸೀಟಿಲ್ಲ, ಸರದಿ ಇದೆ. ಆ ಸರದಿಯಲ್ಲಿ ಇನ್ನೂ ಹುಟ್ಟದವರೂ ಇದ್ದಾರಂತೆ! ತಾಯಿ ಹೊಟ್ಟೆಯಲ್ಲಿರುವಾಗಲೇ ಬಂದು ಮಗುವಿನ ಹೆಸರು ಬರೆಸುತ್ತಾರಂತೆ. ಹೆಸರೇ ಇಡದ ಮಗುವಿನ ಹೆಸರನ್ನು ಹೇಗೆ ಬರೆಸುತ್ತಾರೆ ಎಂದು ನಾನು ಕೇಳಿದ್ದಕ್ಕೆ ಅಲ್ಲಿಯ ಮುಖ್ಯಸ್ಥೆ ಅರ್ಜಿಯ ಫಾರಂ ನನ್ನ ಕೈಗಿಟ್ಟರು. ಎತ್ತರದ ಹೆಂಗಸು, ನರೆತ ಕೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ ಗೊಂಚಲು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಬೀಗದಮ್ಮ. ದೊಡ್ಡ ಮಕ್ಕಳ ಕೋಣೆಯಲ್ಲಿ ಯಾರಾದರೂ ಬಿಟ್ಟು ಹೋದರೆ ಮಾತ್ರ ನೋಡಬಹುದು ಎಂದರು ಅವರು.

ಅಷ್ಟು ಸಾಕಾಯಿತು ನನಗೆ. ಮಾರನೇ ದಿನದಿಂದ ಗುಂಡ ಸೊಂಟದಲ್ಲಿ, ಪಟಾಕಿ ಕೈಯಲ್ಲಿ, ಬೆಳಗಾದರೆ ಬೀಗದಮ್ಮನ ಗಂಟೆ ಒತ್ತುವುದೇ ಕೆಲಸ. "ಯಾರಾದ್ರೂ ಬಿಟ್ಟು ಹೋದ್ರಾ?" ಇಲ್ಲ. ಮಾರನೇ ದಿನ ಮತ್ತೆ. ಇಲ್ಲ. ಸಾವಿನ ಮನೆಯ ಮುಂದೆ ಕಾಯುವ ರಣಹದ್ದಿನ ಹಾಗೆ ನಿಂತಿರುತ್ತಿದ್ದೆ. ಪ್ರತಿಜ್ಞೆಯ ವಾರ ಕಳೆಯಿತು. ಇನ್ನೊಂದೂ ಕಳೆಯಿತು. ಭಾವ ಊಟಕ್ಕೆ ಕೂತಾಗಲೆಲ್ಲ ಹೊಸ ಹೆಸರು ಗೊತ್ತಾಯಿತೇ ಎಂದು ವಿಚಾರಿಸುತ್ತಿದ್ದರು.

ಕೊನೆಗೊಂದು ಸೋಮವಾರ ಬೀಗದಮ್ಮ ಬಾಗಿಲು ತೆರೆದವರೇ, ಒಂದು ಸಂಸಾರ ಊರು ಬಿಟ್ಟಿದೆ, ಗುರುವಾರ ಮಗುವನ್ನು ಕರೆದುಕೊಂಡು ಬನ್ನಿ, ಒಂದು ಬೆಳಗ್ಗೆ ನಮ್ಮ ಜೊತೆ ಇರಲಿ ಎಂದರು. ಅಲ್ಲಿಯ ತನಕ ದಯವಿಟ್ಟು ಗಂಟೆ ಒತ್ತಬೇಡಿ ಎಂದೂ ಸೇರಿಸಿದರು.

ಒಂದು ಬೆಳಗ್ಗೆ ಇರಲಿ ಎಂದರೆ ಏನರ್ಥ? ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಟರ್‌ವ್ಯೂ!

ಮೂರು ದಿನ ನಮ್ಮ ಮನೆ ಕೋಚಿಂಗ್ ಸೆಂಟರ್ ಆಯಿತು. ನೂರರ ತನಕ ಎಣಿಕೆ, ಬಣ್ಣಗಳು, ವಾರಗಳು, ಗ್ರಹಗಳು. ಆದರೆ ನನ್ನ ಅಸಲಿ ಪ್ರತಿಭೆ ಕಂಡದ್ದು ಶಿಸ್ತಿನ ವಿಭಾಗದಲ್ಲಿ. ಪಟಾಕಿಯ ಸುತ್ತ ಅವಳ ಆಟಿಕೆಗಳನ್ನೆಲ್ಲ ಹರಡಿ, ನಡುವೆ ಅವಳನ್ನು ಕೂರಿಸಿ, ನಾನು ಕಲಿತ ಶಾಲೆಯ ಮಹಾಮಂತ್ರವನ್ನು ಉಪದೇಶ ಮಾಡಿದೆ. "ಕೈ ಕಟ್, ಬಾಯ್ ಮುಚ್." ಬೊಂಬೆ ಮುಟ್ಟಿದರೆ ಬಿಸ್ಕತ್ತು ಕಟ್. ಚೆಂಡಿನ ಕಡೆ ಕಣ್ಣು ಹೊರಳಿದರೆ ಅರ್ಧ ಬಿಸ್ಕತ್ತು ಕಟ್. ಬುಧವಾರ ಸಂಜೆಯ ಹೊತ್ತಿಗೆ ಪಟಾಕಿ ನೀರಲ್ಲಿ ನೆನೆಸಿದ ಪಟಾಕಿ. ಗುಂಡ ಬಂದು ಜುಟ್ಟು ಹಿಡಿದು ಎಳೆದರೂ ಮಿಸುಕುತ್ತಿರಲಿಲ್ಲ.

ಡ್ಯೂಟಿ ಮುಗಿಸಿ ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಮಗೂಗೆ ಏನಾಯ್ತೇ? ಜ್ವರಾನಾ?"

"ಶಿಸ್ತು," ಎಂದೆ.

ಅವಳು ನಂಬದೆ ಮಗಳ ಹಣೆ ಮುಟ್ಟಿ ನೋಡಿದಳು. ಆಮೇಲೆ ಬೂಟು ಬಿಚ್ಚಲು ವಾಷಿಂಗ್ ಮೆಷಿನ್ನಿಗೆ ಒರಗಿ ನೆಲಕ್ಕೆ ಕೂತಳು. ಒಂದು ಬೂಟು ಬಿಚ್ಚಿದಳು. "ನಾಳೆ ನಂಗೆ ರಜಾ ಕೊಡಲ್ಲ ಅಂದ್ರು. ಇನ್ನೊಂದ್ಸಲ ಕೇಳಬೇಡ ಅಂತಾನೂ ಅಂದ್ರು. ನೀನೇ ಕರ್ಕೊಂಡು ಹೋಗು. ಜಗಳ ಮಾತ್ರ ಆಡ್ಬೇಡ ಕಣೇ."

"ನಾನ್ಯಾಕೆ ಜಗಳ ಆಡ್ಲಿ?"

ಭಾವನಿಗೆ ಟೀ ನೆತ್ತಿಗೆ ಹತ್ತಿತು. ಅವರು ಕೆಮ್ಮಿ ಮುಗಿಸಿ ನೋಡಿದರೆ ಅಕ್ಕ ಇನ್ನೊಂದು ಬೂಟು ಕಾಲಲ್ಲೇ ಇಟ್ಟುಕೊಂಡು ಹಾಗೇ ನಿದ್ದೆ ಹೋಗಿದ್ದಳು. ಮೆಷಿನ್ನು ಬಟ್ಟೆ ಹಿಂಡುತ್ತಿತ್ತು, ಅದರ ಜೊತೆ ಅವಳ ತಲೆಯೂ ಅದುರುತ್ತಿತ್ತು. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ನಾನು ಮೆಷಿನ್ನು ನಿಲ್ಲಿಸಿ, ಆ ಬೂಟು ಬಿಚ್ಚಿ, ಹುಟ್ಟದ ಮಕ್ಕಳಿಗೆ ಸೀಟಿಟ್ಟ ಈ ಇಡೀ ಊರಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಗುರುವಾರ ಬಂತು. ಗುಂಡನನ್ನು ಕೆಳಗಿನ ಮನೆಯ ಆಂಟಿಗೆ ಒಪ್ಪಿಸಿ ಶಿಶುವಿಹಾರಕ್ಕೆ ಹೋದೆವು. ಬಾಗಿಲ ಒಳಗೆ ಮಕ್ಕಳ ಎತ್ತರಕ್ಕೆ ಸಾಲಾಗಿ ಕೋಟಿನ ಗೂಟಗಳು, ಕೆಳಗೆ ಪುಟ್ಟ ಬೆಂಚು. ನಾನು ಪಟಾಕಿಯ ಕೋಟು ಬಿಚ್ಚಿ ಮೊದಲು ಕಂಡ ಗೂಟಕ್ಕೆ ನೇತುಹಾಕಿ, ಮಂಡಿಯೂರಿ ಅವಳ ಬೂಟು ಕಳಚಿದೆ. ಪಕ್ಕದಲ್ಲೇ ಒಬ್ಬ ಹುಡುಗ ತನ್ನ ಬೂಟು ತಾನೇ ಬಿಚ್ಚಿಕೊಳ್ಳುತ್ತಿದ್ದ. ಅವನ ತಾತ ಕೈ ಕಟ್ಟಿ ನೋಡುತ್ತಿದ್ದರೇ ಹೊರತು ಬಗ್ಗಲಿಲ್ಲ. ಆಮೇಲೆ ಮಕ್ಕಳ ಕೋಣೆಗೆ ಬಂದು, ಮೂಲೆಯಲ್ಲಿ ಅಂಗೈಯಗಲದ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂತುಬಿಟ್ಟರು. ಒಂದು ಮಾತಿಲ್ಲ, ಕತೆಯಿಲ್ಲ. ನನಗೆ ತಕ್ಷಣ ಹೊಳೆಯಿತು. ಇರುವುದು ಒಂದೇ ಸೀಟು, ಈ ಹುಡುಗನೇ ನಮ್ಮ ಪ್ರತಿಸ್ಪರ್ಧಿ! ದಿಂಬು ಸಮೇತ ಬಂದಿದ್ದಾರೆಂದರೆ ಎಷ್ಟು ದಿನದ ತಯಾರಿ ಇರಬೇಕು!

ಕೋಣೆ ಸಂತೆಯಾಗಿತ್ತು. ಒಬ್ಬ ನೀರು ಚೆಲ್ಲುತ್ತಿದ್ದ, ಒಬ್ಬಳು ಗೋಡೆಯ ಕಾಗದಕ್ಕೆ ಅಂಗೈಯಲ್ಲಿ ಬಣ್ಣ ಬಳಿಯುತ್ತಿದ್ದಳು, ಮರಳಿನ ಡಬ್ಬಿಯೊಳಗೆ ಮೂವರಿಗೆ ಜಗಳ. ಇದರ ನಟ್ಟನಡುವೆ ನಮ್ಮ ಪಟಾಕಿ ಹೋಗಿ ಚಕ್ಕಂಬಕ್ಕಳ ಹಾಕಿ ಕೂತು ಕೈ ಕಟ್ಟಿ ಬಾಯಿ ಮುಚ್ಚಿದಳು. ಚೆಂಡು ಉರುಳಿ ಬಂದು ಮೊಣಕಾಲಿಗೆ ಬಡಿಯಿತು. ಅಲ್ಲಾಡಲಿಲ್ಲ. ಒಬ್ಬ ಟೀಚರು ಬ್ರಷ್ ಚಾಚಿದರು. ನೋಡಲಿಲ್ಲ. ನಾನು ಹೆಮ್ಮೆಯಿಂದ ತಾತನ ಕಡೆ ತಿರುಗಿ, ಸೋತಿರಿ ಬಿಡಿ ಎಂಬಂತೆ ಹುಬ್ಬು ಹಾರಿಸಿದೆ. ಅವರು ಮುಗುಳ್ನಕ್ಕರು. ಮಹಾ ಕಿಲಾಡಿ.

ಬೀಗದಮ್ಮ ಪಟಾಕಿಯ ಪಕ್ಕ ಮಂಡಿಯೂರಿ ತುಂಬಾ ಹೊತ್ತು ಏನೇನೋ ಪ್ರಯತ್ನಪಟ್ಟರು. ಆಮೇಲೆ ನನ್ನ ಹತ್ತಿರ ಬಂದು, ಮಗು ಮನೆಯಲ್ಲಿ ಆಡುತ್ತಾಳೆಯೇ ಎಂದು ಮೆಲ್ಲಗೆ ಕೇಳಿದರು. ಖಂಡಿತ ಇಲ್ಲ ಎಂದೆ. ಬೇಕಾದರೆ ಗ್ರಹಗಳನ್ನು ಕೇಳಿ ಎಂದೆ. ಅವರ ಮುಖ ಚಿಕ್ಕದಾಯಿತು. ಹಾಗಾದರೆ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸುವುದು ಒಳ್ಳೆಯದು, ಅವರು ನೋಡಿದ ಮೇಲೆ ಶುರು ಮಾಡೋಣ, ಕೆಲವು ವಾರ ತಡವಾಗಬಹುದು ಎಂದರು.

ಕೆಲವು ವಾರ! ನನ್ನ ಕಣ್ಣ ಮುಂದೆ ಅಕ್ಕನ ಒಂಟಿ ಬೂಟು ಬಂತು. ಆಮೇಲೆ ನಾನು ಮಾತಾಡಿದ್ದಲ್ಲ, ಒಳಗಿದ್ದದ್ದು ತಾನೇ ಹೊರಗೆ ಬಂತು. ಚಾಪೆಯ ಬಾಡಿಗೆ, ಹೊಟ್ಟೆಯೊಳಗಿನ ಸರದಿ, ಬ್ರೆಡ್ಡಿನ ವ್ಯಾನು, ವಾಷಿಂಗ್ ಮೆಷಿನ್ನು, ಎಲ್ಲ. ನಿಮ್ಮ ಆಸ್ಪತ್ರೆಗೆ ನರ್ಸ್ ಬೇಕು, ನರ್ಸಿನ ಮಗು ಬೇಡವಾ ಎಂದು ಕೇಳಿದೆ. ತೊಂದರೆ ಏನೆಂದರೆ ಈ ಭಾಷೆಯನ್ನು ನಾನು ಕಲಿತ ಪುಸ್ತಕದಲ್ಲಿ ಸಿಟ್ಟಿನ ಪಾಠ ಇರಲಿಲ್ಲ. ಅಂಗಡಿ, ಹವಾಮಾನ, ರೈಲು, ಅಷ್ಟೇ. ಪದಗಳು ಖಾಲಿಯಾದಾಗ, ರೈಲು ತುಂಬಾ ತಡವಾಗಿದೆ, ಇದನ್ನು ನಾನು ಒಪ್ಪುವುದಿಲ್ಲ ಎಂದು ಕೂಗಿದೆ. ಅದೂ ಮುಗಿದ ಮೇಲೆ ಕನ್ನಡಕ್ಕೆ ಇಳಿದೆ. ಕನ್ನಡದಲ್ಲಿ ನನಗೆ ಯಾವ ಕೊರತೆಯೂ ಇಲ್ಲ.

ಉಸಿರಿಗೆಂದು ನಿಲ್ಲಿಸಿದಾಗ ಗೊತ್ತಾಯಿತು, ಕೋಣೆಯಲ್ಲಿ ಸದ್ದೇ ಇಲ್ಲ.

ಪಟಾಕಿ ಸ್ಟೂಲಿನ ಮೇಲೆ ನಿಂತಿದ್ದಳು. ಚಿಕ್ಕಮ್ಮನೇ ನಿಯಮ ಮುರಿದ ಮೇಲೆ ಅವಳಿಗೇನು ಕಟ್ಟುಪಾಡು? ಸೊಂಟಕ್ಕೆ ಒಂದು ಕೈ, ಇನ್ನೊಂದು ಕೈಯ ಬೆರಳು ಮುಂದಕ್ಕೆ. "ಕೈ ಕಟ್! ಬಾಯ್ ಮುಚ್!" ಎದುರಿಗೆ ಅಷ್ಟೂ ಮಕ್ಕಳು ಸಾಲಾಗಿ ಕೈ ಕಟ್ಟಿ, ಕೆನ್ನೆ ಉಬ್ಬಿಸಿ, ಉಸಿರು ಹಿಡಿದು ಕೂತಿದ್ದವು. ಬೂಟಿನ ಹುಡುಗನಿಗೆ ತಡೆಯಲಾಗದೆ ಪಕ್ ಎಂದು ನಗು ಬಂತು. ಪಟಾಕಿ ಅವನನ್ನು ಔಟ್ ಮಾಡಿ ಮೂಲೆಗೆ ಕಳಿಸಿದಳು. ಎಲ್ಲರೂ ಕುಣಿದಾಡಿದರು. ಮತ್ತೆ ಶುರು. ತಾತನೂ ಕೈ ಕಟ್ಟಿದರು.

ಬೀಗದಮ್ಮ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. "ಆಡ್ತಾಳೆ! ಸದ್ಯ. ಏನು ಹೇಳ್ತಿದ್ದಾಳೆ ಅವಳು?"

ಅರ್ಥ ಹೇಳಿದೆ.

"ಇಂಥದ್ದನ್ನ ಮಗುಗೆ ಯಾರು ಕಲಿಸಿದ್ದು?"

ನಾನು ಚಾವಣಿಯ ಬಣ್ಣವನ್ನು ಪರೀಕ್ಷಿಸಿದೆ. ಆಮೇಲೆ, ಮಾತು ಬದಲಿಸಲು, ಇಂಟರ್‌ವ್ಯೂನಲ್ಲಿ ಪಾಸಾದಳೇ ಎಂದು ವಿಚಾರಿಸಿದೆ. ಯಾವ ಇಂಟರ್‌ವ್ಯೂ ಎಂದು ಅವರು ಕೇಳಿದರು. ನನ್ನನ್ನು ಗೂಟಗಳ ಹತ್ತಿರ ಕರೆದುಕೊಂಡು ಹೋದರು. ಕಿಟಕಿಯ ಪಕ್ಕದ ಗೂಟದ ಮೇಲೆ ಒಂದು ಮೀನಿನ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಪಟಾಕಿಯ ನಿಜವಾದ ಹೆಸರು. ಸೋಮವಾರವೇ ಅಂಟಿಸಿದ್ದರಂತೆ. ಸೀಟು ಸೋಮವಾರವೇ ನಮ್ಮದಾಗಿತ್ತು! ನಾನು ಕೋಟು ನೇತುಹಾಕಿದ್ದು ಯಾವುದೋ ಮಗುವಿನ ಕಪ್ಪೆಯ ಗೂಟಕ್ಕೆ. ಎದುರಿಗಿದ್ದ ಹೆಸರು ಕಾಣದಷ್ಟು ಸಿಟ್ಟು ತುಂಬಿಕೊಂಡು ಬಂದಿದ್ದೆ.

ಮತ್ತೆ ಆ ತಾತ? ಅವರ ಮೊಮ್ಮಗ ಸೇರಿ ಒಂದು ವಾರವಾಗಿದೆ. ಹೊಸ ಮಗು ಬಂದರೆ ಮೊದಲ ಎರಡು ವಾರ ಮನೆಯ ದೊಡ್ಡವರೊಬ್ಬರು ಮೂಲೆಯಲ್ಲಿ ಕೂತಿರಬೇಕು, ಅದೇ ಇಲ್ಲಿಯ ಪದ್ಧತಿ. ಅಮ್ಮನಿಗೆ ಡ್ಯೂಟಿಯಾದರೆ ಚಿಕ್ಕಮ್ಮನಾದರೂ ಸರಿ. ದೊಡ್ಡವರಿಗೆ ಇರುವುದು ಒಂದೇ ನಿಯಮ. ಮಾತಾಡುವಂತಿಲ್ಲ.

ಅದನ್ನು ಹೇಳುವಾಗ ಬೀಗದಮ್ಮ ನನ್ನ ಮುಖವನ್ನು ಕನಿಕರದಿಂದ ನೋಡಿದರು.

ಫೋನು ಮಾಡಿದೆ. ಆ ಕಡೆಯಿಂದ ಅಕ್ಕ ಮೂಗು ಏರಿಸುವ ಸದ್ದು ಬಂತು. ಆಮೇಲೆ, "ಜಗಳ ಆಡಿದ್ಯಾ?" ಎಂದಳು.

"ಇಲ್ಲಪ್ಪ. ರೈಲಿನ ವಿಷಯ ಮಾತಾಡಿದೆ ಅಷ್ಟೆ."

ಈಗ ದಿನಾ ಬೆಳಗ್ಗೆ ಆ ಅಂಗೈಯಗಲದ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತೇನೆ. ತಾತ ಅವರ ದಿಂಬನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಯಾವುದಾದರೂ ಮಗು ಮರಳು ತಿನ್ನಲು ಹೋದರೆ ನಾನು ಅರ್ಧ ಏಳುತ್ತೇನೆ, ಬಾಯಿ ತೆರೆಯುತ್ತೇನೆ. ಪಟಾಕಿ ಬಣ್ಣದ ಕೈ ಎತ್ತಿ, ತಿರುಗಿಯೂ ನೋಡದೆ ಹೇಳುತ್ತಾಳೆ: "ಚಿಕ್ಕಮ್ಮ, ಬಾಯ್ ಮುಚ್."

ದಿನಕ್ಕೆ ಹತ್ತು ಸಲ ಕೇಳಿ ಕೇಳಿ ಉಳಿದ ಮಕ್ಕಳು ಅದೇ ನನ್ನ ಹೆಸರು ಅಂದುಕೊಂಡಿವೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಓಡಿ ಬಂದು, ತುಂಬಾ ಪ್ರೀತಿಯಿಂದ, "ಬಾಯ್ಮುಚ್! ಬಾಯ್ಮುಚ್!" ಎಂದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತವೆ.

ಮನೆಯಲ್ಲಿ ಭಾವನೂ ಅಭ್ಯಾಸ ಮಾಡಿಕೊಂಡಿದ್ದಾರೆ.