ಆಕಾಶದಲ್ಲಿ ಹೊಲಿಯಬೇಕಿದ್ದ ತೋಳು

ಹೇಳಿದ ದಿನಕ್ಕೆ ಬಟ್ಟೆ ಕೊಟ್ಟರೆ ದರ್ಜಿಯ ಕಸುಬಿಗೇ ಕಳಂಕ ಎಂದು ನಂಬಿದವರು ನಮ್ಮ ಟೈಲರ್ ಮಾಸ್ಟರು. ಬೀದಿಯವರು ಅವರಿಗಿಟ್ಟ ಹೆಸರು 'ನಾಳೆ ಮಾಸ್ಟರು'. ಯಾರು ಬಂದು ಕೇಳಿದರೂ ತಲೆ ಎತ್ತದೆ, "ನಾಳೆ ಕೊಡ್ತೀನಿ" ಅನ್ನುವರು. (ಆ ನಾಳೆ ಎಂದಾದರೂ ಬಂದೀತೆಂದು ಗಿರಾಕಿಗಳೂ ನಂಬಿಕೊಂಡಿದ್ದರು, ಪಾಪ.)

ಈ ಸಲದ ಗಿರಾಕಿ ಮಾತ್ರ ಸಾಮಾನ್ಯನಲ್ಲ, ಸಾಕ್ಷಾತ್ ಹೆಂಡತಿಯ ತಮ್ಮ. ದೂರದ ಮಹಾನಗರದಲ್ಲಿ ಅವನ ಮದುವೆ. ಮದುಮಗನ ಕೋಟು ಭಾವನ ಕೈಯದೇ ಎಂದು ಅಕ್ಕ ಇಡೀ ತವರಿಗೆ ಮಾತು ಕೊಟ್ಟುಬಿಟ್ಟಿದ್ದಳು. ಕೋಟು ತಪ್ಪಿದರೆ ತವರಿನಲ್ಲಿ ಅವಳ ಮರ್ಯಾದೆ ಮೂರು ಕಾಸು. ಮದುವೆಗೆ ವಾರ ಉಳಿದಾಗ ಆ ಕೋಟಿಗೆ ಇದ್ದದ್ದು ಒಂದೇ ತೋಳು.

ರೈಲಿಗೆ ಹೋಗೋಣ, ಎರಡು ಹಗಲು ಸಿಗುತ್ತವೆ, ಕೂತು ಹೊಲಿಯಿರಿ ಎಂದಳು ಅವಳು. ಮಾಸ್ಟರು ನಕ್ಕು, ಗೋಡೆಯ ಭೂಪಟದ ಮೇಲೆ ಟೇಪು ಹಿಡಿದರು. ಎರಡು ನಗರಗಳ ನಡುವೆ ನಾಲ್ಕೂಕಾಲು ಇಂಚು.

"ಒಂದು ಕಾಲರಿಗೂ ಸಾಲದ ದೂರಕ್ಕೆ ಎರಡು ದಿನ ಯಾಕೇ? ವಿಮಾನದಲ್ಲಿ ಮೂರೇ ಗಂಟೆ. ತೋಳಿಗೆ ಎರಡು, ಗುಂಡಿಗೆ ಒಂದು. ಮೇಲೆ ಕರೆಂಟೂ ಹೋಗಲ್ಲ, ಗಿರಾಕಿಗಳೂ ಬರಲ್ಲ."

"ಅಲ್ಲಾರೀ, ಇಲ್ಲೇ ಮುಗಿಸಿಕೊಂಡು ಹೊರಟರೆ ಆಗಲ್ವಾ?"

"ಅಷ್ಟು ದುಡ್ಡು ಸುರಿದು ಹತ್ತಿ, ಮೂರು ಗಂಟೆ ಸುಮ್ಮನೆ ಕೂರೋದಾ?"

ಇಂಥ ಅರ್ಥಶಾಸ್ತ್ರಕ್ಕೆ ಎದುರಾಡುವುದು ಹೇಗೆ? ವಾರವೂ ಕಳೆಯಿತು, ಕೋಟೂ ಒಂದೇ ತೋಳಿನಲ್ಲಿ ಪ್ರಯಾಣಕ್ಕೆ ಸಿದ್ಧವಾಯಿತು.

ವಿಮಾನ ನಿಲ್ದಾಣದ ತಪಾಸಣೆಯವನು ಮಾಸ್ಟರ ಕೈಚೀಲಕ್ಕೆ ಕೈ ಹಾಕಿದ. ಮೊದಲು ಮೊಳದುದ್ದದ ಕತ್ತರಿ ಬಂತು, ಆಮೇಲೆ ಬ್ಲೇಡು, ಸೂಜಿಗಳ ಡಬ್ಬಿ. ಅವನು ಒಮ್ಮೆ ಮಾಸ್ಟರ ಮುಖ ನೋಡಿ ಅಷ್ಟನ್ನೂ ಪಕ್ಕಕ್ಕಿಟ್ಟ. ಮಾಸ್ಟರು ಬೇಡಿದರು, ಮದುವೆಯ ಕಥೆ ಹೇಳಿದರು, ಕೊನೆಗೆ ಅವನ ಪ್ಯಾಂಟು ಪುಕ್ಕಟೆ ಆಲ್ಟರ್ ಮಾಡಿಕೊಡುವುದಾಗಿಯೂ ಹೇಳಿ ನೋಡಿದರು. ಟೇಪು ಮತ್ತು ದಾರದುಂಡೆ ಮಾತ್ರ ವಾಪಸ್ಸು ಬಂದವು.

ಮೂರು ಗಂಟೆ ಎಷ್ಟು ಉದ್ದವೆಂದು ಮಾಸ್ಟರಿಗೆ ಗೊತ್ತಾದದ್ದು ಆಕಾಶದಲ್ಲಿ, ಬಿಡಿ ತೋಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಾಗ. ಹೆಂಡತಿ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಕಿಟಕಿಯಾಚೆ ಮೋಡ ನೋಡುತ್ತಿದ್ದಳು. ಅವರಿಗೆ ನಿಜವಾಗಿ ಭಯವಾಯಿತು.

ನೆಟ್ಟಗೆ ಮದುವೆಯ ಹಾಲಿಗೆ ಹೋದರೆ ಫೋಟೋದವನು ಆಗಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ. ಮದುಮಗ ಬರಿ ಷರಟಿನಲ್ಲಿ ಭಾವನ ದಾರಿ ಕಾಯುತ್ತಿದ್ದ. ಹೆಂಡತಿ ಗಂಡನ ಮೈಮೇಲಿನ ಹೊಸ ಕೋಟನ್ನು ಬಿಚ್ಚಿ ತಮ್ಮನಿಗೆ ತೊಡಿಸಿದಳು. (ಸ್ವಂತದ್ದನ್ನು ಮಾತ್ರ ಮಾಸ್ಟರು ಹದಿನೈದು ದಿನ ಮೊದಲೇ ಮುಗಿಸಿಟ್ಟಿದ್ದರು.) ಅಳತೆ ತೆಗೆದ ಹಾಗೆ ಕೂತಿತು. ತಮ್ಮನಿಗೆಂದು ತಂದ ಒಂಟಿ ತೋಳಿನ ಕೋಟನ್ನು ಗಂಡನಿಗೆ ಹಾಕಿ, ಸಾಲಿನ ಮುಂದೆಯೇ ನಿಲ್ಲಿಸಿದಳು.

ಅತ್ತೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. "ಇದೇನಮ್ಮ, ಅಳಿಯಂದಿರ ಕೋಟಿಗೆ ಇನ್ನೊಂದು ತೋಳೆಲ್ಲಿ?"

ಅವಳು ತಮ್ಮನ ಕಾಲರು ಸರಿಮಾಡುತ್ತಾ, "ಟೈಲರನ್ನ ಕೇಳಿದೀನಮ್ಮ, ನಾಳೆ ಕೊಡ್ತಾನಂತೆ" ಎಂದಳು.