ಖಾಲಿ ಕುರ್ಚಿಗೆ ಹೊಲಿದ ನಿಲುವಂಗಿ

ವಿಶ್ವವಿದ್ಯಾಲಯದ ಕುಲಪತಿಗಳ ಖಾಲಿ ಕುರ್ಚಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ನಾಲ್ಕು ಕಾಲುಗಳಿಗೂ ಬೇರೆ ಬೇರೆಯಾಗಿ ನಮಸ್ಕರಿಸಿ, ಏಳನೇ ತರಗತಿಗೆ ಶಾಲೆ ಬಿಟ್ಟ ದರ್ಜಿಯೊಬ್ಬ ಬರೆದುಕೊಳ್ಳುವುದೇನೆಂದರೆ, ಮೊನ್ನೆ ನನಗೊಂದು ಕೆಟ್ಟ ಕನಸು ಬಿತ್ತು. ತಾವು ನಮ್ಮ ಬೀದಿಯಲ್ಲಿ ಕುಂಟುತ್ತಾ ಬಂದು, ತಮ್ಮನ್ನು ಹರಾಜು ಹಾಕಿ ಅತಿಥಿ ಉಪನ್ಯಾಸಕರಿಗೆ ಸಂಬಳ ಕೊಡುತ್ತಾರಂತೆ ಎಂದು ಅಳುತ್ತಿದ್ದಿರಿ. ಇರುವ ಕುರ್ಚಿಯೂ ಹೋದರೆ ನನ್ನ ಮಗಳ ಗತಿಯೇನೆಂದು ದಡಕ್ಕನೆ ಎದ್ದು ಕೂತೆ.

ಮಗಳು ರಸಾಯನಶಾಸ್ತ್ರದಲ್ಲಿ ಪಾಸಾಗಿದ್ದಾಳೆ. ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿದೆ; ತಿಂಗಳ ಕೊನೆಯೊಳಗೆ ಪದವಿ ಪತ್ರ ತೋರಿಸದಿದ್ದರೆ ಅದು ಬೇರೆಯವರ ಪಾಲು. ಪತ್ರ ಅಚ್ಚಾಗಿದೆ, ಸಹಿ ಇಲ್ಲ. ಕುಲಪತಿಗಳನ್ನು ಆರಿಸಬೇಕಾದ ಇಬ್ಬರು ದೊಡ್ಡವರು ತಮ್ಮ ತಮ್ಮ ಕಡೆಯವರೇ ಆಗಬೇಕೆಂದು ಹಟ ಹಿಡಿದು ವರ್ಷವಾಯಿತು. ಪ್ರಭಾರದಲ್ಲಿರುವವರು ಕರೆಂಟು ಬಿಲ್ಲಿಗೆ ಸಹಿ ಹಾಕಬಹುದಂತೆ, ಪದವಿಗೆ ಹಾಕುವಂತಿಲ್ಲವಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸು ನನ್ನದು.

ಹಾಗೆಂದು ತಮ್ಮ ಆಡಳಿತವನ್ನು ದೂರಿದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ತಾವು ಕಮಿಷನ್ ಕೇಳಿಲ್ಲ, ಭಾವಮೈದುನನನ್ನು ಪ್ರಾಧ್ಯಾಪಕನನ್ನಾಗಿ ಮಾಡಿಲ್ಲ, ಅಧ್ಯಯನಕ್ಕೆಂದು ಸಂಸಾರ ಸಮೇತ ಸಮುದ್ರ ದಾಟಿಲ್ಲ. ಪ್ರಯೋಗಶಾಲೆಯ ಸೂರು ಸೋರಿ, ಹುಡುಗಿಯರು ಕೊಡೆ ಹಿಡಿದು ಆಸಿಡ್ ಅಳೆಯುತ್ತಿದ್ದಾಗಲೂ ತಾವು ಯಾರ ಮೇಲೂ ರೇಗಲಿಲ್ಲ.

ಈ ನಡುವೆ ಸರ್ಕಾರದಿಂದ ಕುಲಪತಿಗಳ ಘಟಿಕೋತ್ಸವದ ನಿಲುವಂಗಿಗೆ ಹಣ ಬಂತು. ಅದನ್ನು ಸೂರಿಗೆ ಹಾಕುವಂತಿಲ್ಲವಂತೆ, ಖರ್ಚಾಗದಿದ್ದರೆ ವಾಪಸಂತೆ. ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು; ಅಳತೆ ಯಾರದ್ದೆಂದು ತಮ್ಮ ಕಚೇರಿಯ ಗುಮಾಸ್ತರನ್ನು ಕೇಳಿದೆ. "ಕುರ್ಚೀದೇ ತಗೊಳ್ಳಿ ಯಜಮಾನ್ರೇ, ಯಾರು ಬಂದ್ರೂ ಅದ್ರಲ್ಲೇ ತಾನೇ ಕೂತ್ಕೊಳ್ಳೋದು!" ಎಂದರು. ಟೇಪು ಹಿಡಿದೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳದ ಗಿರಾಕಿಯನ್ನು ನನ್ನ ಜನ್ಮದಲ್ಲಿ ಕಂಡದ್ದು ತಮ್ಮೊಬ್ಬರನ್ನೇ. ಈಗ ನಿಲುವಂಗಿ ತಮ್ಮ ಮೈಮೇಲೇ ಇದೆ. ಬಾಗಿಲಾಚೆ ಹಾದುಹೋಗುವ ಮೇಷ್ಟ್ರುಗಳು ಕೈಮುಗಿಯುತ್ತಿದ್ದಾರೆ.

ಆದ್ದರಿಂದ, ತಾವೇ ದೊಡ್ಡ ಮನಸ್ಸು ಮಾಡಿ ಮಗಳ ಪತ್ರಕ್ಕೊಂದು ಸಹಿ ಹಾಕಿಕೊಡಬೇಕು. "ಅಪ್ಪಾ, ಕುರ್ಚಿಗೆ ಕಾಗದ ಬರೀತಿದ್ಯಾ? ತಲೆಗಿಲೆ ಕೆಟ್ಟಿದ್ಯಾ?" ಎಂದು ಅವಳು ಗದರಿಸುತ್ತಿದ್ದಾಳೆ. "ಮನುಷ್ಯರಿಗೆ ಬರೆದೂ ಬರೆದೂ ಸಾಕಾಯ್ತು ಕಣಮ್ಮ" ಎಂದೆ.

ತಮ್ಮ ಬೆನ್ನಿನ ಅಗಲ ಬಲ್ಲ ವಿಶ್ವಾಸಿ,
ದರ್ಜಿ

ಹೇಳಲು ಮರೆತದ್ದು: ಕುಲಪತಿಯಾದವರು ಮನುಷ್ಯರೇ ಆಗಿರಬೇಕೆಂದು ಕಾಯಿದೆಯಲ್ಲಿ ಎಲ್ಲಾದರೂ ಬರೆದಿದೆಯೇ? ಬರೆದಿರದಿದ್ದರೆ ತಾವೇ ಕಾಯಂ ಆಗಬಹುದು. ತಿಂಗಳು ಮುಗಿಯುವುದರೊಳಗೆ ಅದೊಂದನ್ನು ದಯವಿಟ್ಟು ಒಮ್ಮೆ ನೋಡಿಸಿ.